ಶುದ್ಧಪ್ರತಿ ಇಲ್ಲದ ಕವಿತೆ

ಜೂನ್ 3

ಪ್ರೀತಿಯ ತಂಗಿ ಪುಟ್ಟಿಗೆ,

ಅಣ್ಣನ ಆಶೀರ್ವಾದಗಳು. ನಾನೂ ನಿನ್ನ ಅತ್ತಿಗೆಯೂ ಇಲ್ಲಿ ಕ್ಷೇಮ. ನಿನ್ನ ಸುದ್ದಿ ಬಂದು ಬಹಳ ದಿನಗಳಾದವು. ಮೊದಲೆಲ್ಲ ಭಾನುವಾರ ಬಂತೆಂದರೆ ನಿನ್ನ ಫೋನು ಬರುತ್ತಿತ್ತು. ಚಳಿಗಾಲದಿಂದೀಚೆಗೆ ಅದು ನಿಂತಿದೆ. ನಿಂತದ್ದಕ್ಕೆ ನನಗೇನೂ ಬೇಸರವಿಲ್ಲ. ಫೋನಿನಲ್ಲಿ ಆಡುವ ಮಾತಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಕಾಗದದಲ್ಲಿ ಬರೆದದ್ದಾದರೆ ಎರಡು ಸಲ ಓದಬಹುದು. ಆದುದರಿಂದ ಇನ್ನು ಮುಂದೆ ಕಾಗದವನ್ನೇ ಬರೆ.

ಈಗ ವಿಷಯಕ್ಕೆ ಬರುತ್ತೇನೆ. ಆಗಸ್ಟ್ ತಿಂಗಳ ಕೊನೆಯ ಶನಿವಾರ ಸಂಜೆ ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಕವಿಗೋಷ್ಠಿಯನ್ನು ಏರ್ಪಡಿಸಿದ್ದೇವೆ. ಆಸ್ಪತ್ರೆ ಮತ್ತು ಸಿದ್ಧ ಉಡುಪಿನ ಕಾರ್ಖಾನೆ ಬಂದ ಮೇಲೆ ಇಲ್ಲಿ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ್ದಾರೆ. ಹಾಲಿನ ಅಂಗಡಿಯ ಸಾಲಿನಲ್ಲಿ ನಿಂತರೆ ನಾಲ್ಕಾರು ಭಾಷೆಗಳು ಕಿವಿಗೆ ಬೀಳುತ್ತವೆ ಎಂದು ನಿನ್ನ ಅತ್ತಿಗೆ ಹೇಳುತ್ತಾಳೆ. ಅವರೆಲ್ಲ ತಮ್ಮ ತಮ್ಮ ಭಾಷೆಯಲ್ಲಿ ಒಂದೊಂದು ಕವಿತೆ ಓದಬೇಕು, ಬಳಿಕ ಎಲ್ಲರಿಗೂ ತಿಳಿಯುವಂತೆ ಅರ್ಥ ಹೇಳಬೇಕು ಎಂಬುದು ಗ್ರಂಥಪಾಲಕರ ಕಲ್ಪನೆ. ಬೇಡವೆಂದರೂ ಕೇಳದೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದಾರೆ. (ನಿನ್ನ ಅತ್ತಿಗೆಯ ಪ್ರಕಾರ ನಾನು ಬೇಡವೆಂದದ್ದು ಒಂದೇ ಸಲ, ಅದೂ ಬಹಳ ಮೆಲ್ಲಗೆ.)

ಅಧ್ಯಕ್ಷನಾಗಿ ನಾನು ಒಂದೇ ಒಂದು ನಿಯಮವನ್ನು ಮಾಡಿದ್ದೇನೆ. ಕವಿತೆಯ ಶುದ್ಧಪ್ರತಿಯನ್ನೂ ಅದರ ಅರ್ಥವನ್ನೂ ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದು ನನಗೆ ಮುಂಚಿತವಾಗಿ ಒಪ್ಪಿಸಬೇಕು. ಅದು ನನ್ನ ಮೇಜಿನ ಮೇಲಿಲ್ಲದೆ ಯಾರೂ ವೇದಿಕೆ ಹತ್ತಕೂಡದು. ಶಿಸ್ತಿಲ್ಲದ ಕಡೆ ಕಾವ್ಯವಿರುವುದಿಲ್ಲ.

ಈ ಗೋಷ್ಠಿಗೆ ನೀನು ಬರಲೇಬೇಕು. ರೈಲು ನಿಲ್ದಾಣದ ಮೈಕಿನಲ್ಲಿ ಇಷ್ಟು ವರ್ಷ ಊರಿಗೆಲ್ಲ ದಾರಿ ಹೇಳಿದ ನಿನ್ನ ಆ ಗಂಟೆಯಂಥ ಧ್ವನಿಯಲ್ಲಿ ನಿನ್ನದೇ ಒಂದು ಕವಿತೆಯನ್ನು ಓದು. ನನ್ನ ತಂಗಿ ಎಂದು ಸಭೆಗೆ ಪರಿಚಯಿಸುವ ಆಸೆ ನನಗಿದೆ.

ನಿನ್ನ ಅತ್ತಿಗೆಗೆ ಈಚೆಗೆ ಸಿಟ್ಟು ಹೆಚ್ಚಾಗಿದೆ. ಪ್ರತಿಯೊಂದನ್ನೂ ಕೂಗಿಯೇ ಹೇಳುತ್ತಾಳೆ. ವಯಸ್ಸಿನ ಪರಿಣಾಮವಿರಬೇಕು. ಅವಳದು.

ಇತಿ ನಿನ್ನ,
ಅಣ್ಣ

ಜೂನ್ 14

ಪೂಜ್ಯ ಅಣ್ಣನಿಗೆ,

ನಮಸ್ಕಾರಗಳು. ಕಾಗದ ತಲುಪಿತು. ನೀನು ಅಧ್ಯಕ್ಷನಾದದ್ದು ಕೇಳಿ ನಗು ಬಂತು, ಸಂತೋಷವೂ ಆಯಿತು. ಶುದ್ಧಪ್ರತಿ ತರದ ಕವಿಗಳನ್ನು ಬೆಂಚಿನ ಮೇಲೆ ನಿಲ್ಲಿಸುವ ಏರ್ಪಾಡೂ ಇರಬೇಕಲ್ಲ?

ನನಗೆ ಬರಲು ಆಗುವಂತಿಲ್ಲ, ಅಣ್ಣ. ಪಾಳಿಗಳು ಬದಲಾಗುತ್ತಿವೆ, ರಜೆ ಸಿಗುವುದಿಲ್ಲ. ಆದರೆ ನಿನಗೆ ಬರಿಗೈ ತೋರಿಸಬಾರದೆಂದು ಒಂದು ಕವಿತೆಯನ್ನು ಇದರೊಂದಿಗೆ ಕಳಿಸಿದ್ದೇನೆ. ಸಂಜೆಯ ಬಂಡಿಗಳೆಲ್ಲ ಹೋದ ಮೇಲೆ ಪ್ಲಾಟ್‌ಫಾರ್ಮು ಹೇಗಿರುತ್ತದೆ ಎಂಬುದರ ಮೇಲೆ ಬರೆದದ್ದು. ಯಾರಾದರೂ ಓದಲಿ. ನಿಮ್ಮ ಸಮಿತಿಯಲ್ಲಿ ಒಳ್ಳೆಯ ಧ್ವನಿಯವರು ಯಾರೂ ಇಲ್ಲವೆ?

ಫೋನಿನ ವಿಷಯದಲ್ಲಿ ನಿನ್ನ ಮಾತೇ ಸರಿ. ದಿನವಿಡೀ ಮೈಕಿನ ಮುಂದೆ ಕೂತವಳಿಗೆ ಮನೆಗೆ ಬಂದ ಮೇಲೆ ಮಾತೇ ಬೇಡವೆನಿಸುತ್ತದೆ. ಕಾಗದವೇ ಚೆನ್ನ. ಅತ್ತಿಗೆ ಕೂಗುತ್ತಾರೆಂದರೆ ನೀನೇ ಏನಾದರೂ ಮಾಡಿರುತ್ತೀಯ.

ನಿನ್ನ,
ಪುಟ್ಟಿ

ಜೂನ್ 23

ಪ್ರೀತಿಯ ಪುಟ್ಟಿಗೆ,

ಆಶೀರ್ವಾದಗಳು. ನಿನ್ನ ಕವಿತೆ ಚೆನ್ನಾಗಿದೆ. ಮೂರು ಕಡೆ ಕೆಂಪು ಶಾಯಿಯಲ್ಲಿ ಗುರುತು ಮಾಡಿ ಹಿಂದಿರುಗಿಸಿದ್ದೇನೆ. ತಿದ್ದಿದ ಪ್ರತಿಯೊಂದನ್ನು ನನ್ನ ಕೈಯಿಂದಲೇ ಬರೆದು ಕಡತದಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಬೇರೆಯವರು ಓದುವ ಮಾತೇ ಇಲ್ಲ. ಬರೆದವರೇ ಓದಬೇಕು.

ರಜೆ ಸಿಗುವುದಿಲ್ಲ ಎಂಬುದನ್ನು ನಾನು ನಂಬಲಾರೆ. ವರ್ಷಕ್ಕೊಮ್ಮೆ ಎರಡು ದಿನ ಬಿಡದಷ್ಟು ನಿರ್ದಯರೆ ನಿನ್ನ ಮೇಲಧಿಕಾರಿಗಳು? ನನ್ನ ಮೇಲೆ ನಿನಗೆ ಯಾವುದೋ ಮುನಿಸಿದೆ. ಕಳೆದ ವರ್ಷ ಬಂದವಳು ಇನ್ನೂ ಎರಡು ದಿನ ಇರಬೇಕಾಗಿತ್ತು, ಗಂಟುಮೂಟೆ ಕಟ್ಟಿ ಹೊರಟುಬಿಟ್ಟೆ. ನಾನೇನು ಮಾಡಿದೆನೆಂಬುದು ಇಂದಿಗೂ ನನಗೆ ತಿಳಿದಿಲ್ಲ.

ಸಮಿತಿಯ ಸಭೆ ಮೊನ್ನೆ ನಡೆಯಿತು. ಈಗಿನವರಿಗೆ ಬಾಯಿ ತೆರೆದು ಮಾತನಾಡುವ ಅಭ್ಯಾಸವೇ ತಪ್ಪಿಹೋಗಿದೆ, ಎಲ್ಲರೂ ಗೊಣಗುತ್ತಾರೆ. ಸಮಿತಿಯಲ್ಲಿರುವ ಆಸ್ಪತ್ರೆಯ ನರ್ಸಮ್ಮ ಏನೋ ಹೇಳಿದಳು, ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟು ಹೊತ್ತಿಗೆ ಉಳಿದವರ ನಗು ಮುಗಿದಿತ್ತಾಗಿ ಎಲ್ಲರೂ ನನ್ನ ಮುಖ ನೋಡಿದರು. ಇನ್ನು ಮುಂದೆ ಸಲಹೆಗಳನ್ನು ಚೀಟಿಯಲ್ಲಿ ಬರೆದು ಕೊಡತಕ್ಕದ್ದೆಂದು ಅಲ್ಲಿಯೇ ತೀರ್ಮಾನ ಮಾಡಿಸಿದೆ.

ಇನ್ನೊಂದು ಪ್ರಸಂಗ. ನಮ್ಮ ಬೀದಿಯ ತುದಿಯಲ್ಲಿ ಒಬ್ಬ ದರ್ಜಿ ಇದ್ದಾನೆ. ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಬದುಕುವವನಾದ್ದರಿಂದ ಗಟ್ಟಿಯಾಗಿ ಮಾತನಾಡುವ ಒಳ್ಳೆಯ ಅಭ್ಯಾಸ ಅವನಿಗಿದೆ. ಅವನು ತನ್ನ ತಾಯಿಯನ್ನು ಕರೆದುಕೊಂಡು ಬಂದು, “ಮೇಷ್ಟ್ರೇ, ನಮ್ಮಮ್ಮಂಗೆ ನಮ್ಮ ಕಡೆ ಪದ ಎಷ್ಟೋ ಬರ್ತವೆ, ಒಂದು ಹೇಳ್ಸಿ” ಎಂದ. ಶುದ್ಧಪ್ರತಿ ಎಲ್ಲಿ ಎಂದೆ. ಅವರ ಭಾಷೆಗೆ ಲಿಪಿಯೇ ಇಲ್ಲವಂತೆ. ನಮ್ಮ ಲಿಪಿಯಲ್ಲೇ ಬರೆದು ತಾ ಎಂದರೆ, “ಬರೆದ್ರೆ ಅಮ್ಮ ಒಪ್ಪಲ್ಲ, ಅವರು ಹೇಳೋವಾಗ ಒಂದೊಂದ್ಸಲ ಒಂದೊಂದು ಥರ ಹೇಳ್ತಾರೆ” ಎಂದ. ಒಂದೊಂದು ಸಲ ಒಂದೊಂದು ಥರ! ಸಾಧ್ಯವಿಲ್ಲವೆಂದು ಹೇಳಿ ಕಳುಹಿಸಿದೆ. ಆ ಮುದುಕಿ ಮಾತ್ರ ನಗುತ್ತಲೇ ಹೋದಳು. ನಿಯಮವೆಂದರೆ ನಿಯಮ.

ಬರುವ ದಿನವನ್ನು ಮರುಟಪಾಲಿಗೆ ತಿಳಿಸು.

ನಿನ್ನ,
ಅಣ್ಣ

ಜುಲೈ 5

ಅಣ್ಣನಿಗೆ,

ನಮಸ್ಕಾರ. ದರ್ಜಿಯ ತಾಯಿಯ ವಿಷಯ ಓದಿ ನನಗೆ ಸಿಟ್ಟು ಬಂದಿದೆ, ಮರೆಮಾಚುವುದಿಲ್ಲ. ಎಲ್ಲರ ಧ್ವನಿಯೂ ಕೇಳಲಿ ಎಂದು ಕರೆದು, ಬಾಯಲ್ಲಿ ಮಾತ್ರ ಕವಿತೆ ಇರುವ ಒಬ್ಬಳೇ ಒಬ್ಬಳನ್ನು ಬಾಗಿಲಿಂದಲೇ ಕಳಿಸಿದೆಯಲ್ಲ! ನಾಲ್ಕನೆಯ ತರಗತಿಯ ಮಕ್ಕಳ ಕಾಪಿ ತಿದ್ದುತ್ತಿದ್ದೀಯೋ, ಕವಿಗೋಷ್ಠಿ ನಡೆಸುತ್ತಿದ್ದೀಯೋ?

ಈ ಸಿಟ್ಟಿನಲ್ಲೇ ಇನ್ನೊಂದನ್ನೂ ಬರೆದು ಮುಗಿಸುತ್ತೇನೆ. ಇಲ್ಲದಿದ್ದರೆ ಧೈರ್ಯ ಇಳಿದುಹೋಗುತ್ತದೆ.

ರಜೆ ಸಿಗುವುದಿಲ್ಲವೆಂದದ್ದು ಸುಳ್ಳು. ಚಳಿಗಾಲದಲ್ಲಿ ನನ್ನ ಗಂಟಲಿನ ಗ್ರಂಥಿಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಕೆಟ್ಟ ಗಂಟಲ್ಲ ಎಂದು ವರದಿ ಬಂತು, ನೀನು ಹೆದರಬೇಡ. ಆದರೆ ಧ್ವನಿಯನ್ನು ಮೇಲಕ್ಕೆ ಎತ್ತುವ ನರಕ್ಕೆ ಪೆಟ್ಟಾಯಿತು. ಈಗ ನನಗೆ ಕೆಳಗಿನ ಧ್ವನಿ ಇದೆ, ಮೇಲಿನದು ಇಲ್ಲ. ನೀನು ಗಂಟೆಯೆಂದು ಬರೆದದ್ದು ಹೋಯಿತು. ಉಳಿದದ್ದು ನೆಲದ ಮೇಲೆ ಬೀರು ಎಳೆದ ಹಾಗಿದೆ. ಮೊನ್ನೆ ಗ್ಯಾಸಿನವನಿಗೆ ಫೋನು ಮಾಡಿದರೆ, “ಆಯ್ತು ಸಾರ್, ನಾಳೆ ಕಳಿಸ್ತೀನಿ ಸಾರ್” ಎಂದ. ತಿದ್ದಲು ಹೋಗಲಿಲ್ಲ.

ಮೈಕಿನಿಂದ ನನ್ನನ್ನು ತೆಗೆದು ಪಾರ್ಸೆಲ್ ಕಚೇರಿಯಲ್ಲಿ ಕೂರಿಸಿದ್ದಾರೆ. ಇನ್ನೊಂದು ಧ್ವನಿಪರೀಕ್ಷೆ ಕೊಡಬಹುದು ಎಂದು ನಿಲ್ದಾಣದ ಅಧಿಕಾರಿಗಳು ಹೇಳಿದ್ದಾರೆ. ನಾನೇ ಹೋಗಿಲ್ಲ. ಜನರ ಮುಂದೆ ಬಾಯಿ ತೆರೆದರೆ ಅವರು ನನ್ನನ್ನು ನೋಡುವ ಮೊದಲು ಧ್ವನಿ ಎಲ್ಲಿಂದ ಬಂತೆಂದು ಸುತ್ತ ನೋಡುತ್ತಾರೆ. ಅದನ್ನು ತಡೆದುಕೊಳ್ಳುವುದು ನನ್ನಿಂದಾಗದು.

ಎಲ್ಲರಿಗಿಂತ ಹೆಚ್ಚು ಹೆದರಿದ್ದು ನಿನಗೆ. ಚಿಕ್ಕವಳಿದ್ದಾಗ ಶಾಲೆಯ ಮೊಗಸಾಲೆಯ ಆ ತುದಿಯಲ್ಲಿ ನೀನು ನಿಂತು, ಈ ತುದಿಯಲ್ಲಿ ನನ್ನಿಂದ ಪದ್ಯ ಹೇಳಿಸುತ್ತಿದ್ದೆ. “ಕೇಳಿಸಲಿಲ್ಲ, ಇನ್ನೊಮ್ಮೆ” ಎನ್ನುತ್ತಿದ್ದೆ. ಆ ಧ್ವನಿ ನೀನು ಮಾಡಿಕೊಟ್ಟದ್ದು. ಅದನ್ನು ಕಳೆದುಕೊಂಡು ನಿನ್ನೆದುರು ಹೇಗೆ ನಿಲ್ಲಲಿ?

ಪುಟ್ಟಿ

ಜುಲೈ 27

ಪ್ರೀತಿಯ ಪುಟ್ಟಿಗೆ,

ಆಶೀರ್ವಾದಗಳು. ಉತ್ತರ ತಡವಾಯಿತು. ನಾಲ್ಕಾರು ಸಲ ಬರೆದು ಹರಿದುಹಾಕಿದೆ. ಶಸ್ತ್ರಚಿಕಿತ್ಸೆಯಂಥ ವಿಷಯವನ್ನು ಒಡಹುಟ್ಟಿದವನಿಗೆ ತಿಳಿಸದಿರುವುದು ಯಾವ ನ್ಯಾಯ? ಆಸ್ಪತ್ರೆಯಲ್ಲಿ ನಿನ್ನ ಪಕ್ಕದಲ್ಲಿ ಯಾರಿದ್ದರು? ನಿನ್ನ ಅತ್ತಿಗೆ ಕಾಗದವನ್ನು ಓದಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದ ಮೇಲೆ ನನ್ನನ್ನು ಬೈದಳು. ಏಕೆಂದು ನಾನು ಕೇಳಲಿಲ್ಲ.

ಧ್ವನಿಯ ವಿಷಯಕ್ಕೆ ನೀನು ಇಷ್ಟು ಕೊರಗಬಾರದು. ಅದು ಹೇಗೆ ಬದಲಾಗಿದ್ದರೂ ನನ್ನ ಮಟ್ಟಿಗೆ ಏನೂ ವ್ಯತ್ಯಾಸವಾಗದು. ಇದನ್ನು ನಾನು ಸಮಾಧಾನಕ್ಕಾಗಿ ಹೇಳುತ್ತಿಲ್ಲ, ನಿಜವನ್ನೇ ಬರೆಯುತ್ತಿದ್ದೇನೆ. ಬಾ. ಶುದ್ಧಪ್ರತಿ ನನ್ನ ಮುಂದಿರುತ್ತದೆ. ನೀನು ಓದಿದರೆ ಸಾಕು.

ದರ್ಜಿಯ ತಾಯಿಯ ವಿಷಯದಲ್ಲಿ ನೀನು ಬರೆದದ್ದು ಖಾರವಾಗಿತ್ತು. ಆದರೆ ಯೋಚಿಸು, ಕಣ್ಣ ಮುಂದೆ ಪ್ರತಿಯೇ ಇಲ್ಲದಿದ್ದರೆ ಅಧ್ಯಕ್ಷನಾದವನು ಏನನ್ನು ಹಿಡಿದುಕೊಂಡು ಕೂರಬೇಕು?

ಇನ್ನೊಂದು ವಿಷಯವನ್ನು ಬರೆಯಬೇಕೆಂದಿದ್ದೆ. ಇರಲಿ, ಮುಂದೆ ಯಾವಾಗಲಾದರೂ.

ನಿನ್ನ,
ಅಣ್ಣ

ಆಗಸ್ಟ್ 8

ಅಣ್ಣನಿಗೆ,

ವ್ಯತ್ಯಾಸವಾಗದು! ಆ ಒಂದು ಮಾತನ್ನು ಎಷ್ಟು ಸಲ ಓದಿದೆನೋ. ಪಾರ್ಸೆಲ್ ಕಚೇರಿಯ ಗುಮಾಸ್ತರು ಕೂಡ, “ಅಯ್ಯೋ, ಎಂಥಾ ವಾಯ್ಸ್ ಇತ್ತಮ್ಮ ನಿಮ್ದು” ಎಂದು ಪಾಪ ಕೊರಗುತ್ತಾರೆ. ನಿನಗೆ ಏನೂ ಅಲ್ಲ.

ಆಶ್ಚರ್ಯವಿಲ್ಲ ಬಿಡು. ಕಳೆದ ವರ್ಷ ಏಕೆ ಬೇಗ ಹೊರಟೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ಊಟಕ್ಕೆ ಕೂತಾಗ ಹೊಸ ಕವಿತೆಯೊಂದನ್ನು ನಿನಗೆ ಹೇಳಿದೆ. ಅಮ್ಮನ ಮೇಲೆ ಬರೆದದ್ದು; ಯಾರಿಗೂ ತೋರಿಸಿರಲಿಲ್ಲ. ಧ್ವನಿ ಆಗ ಚೆನ್ನಾಗಿಯೇ ಇತ್ತು. ಪೂರ್ತಿ ಹೇಳಿ ಮುಗಿಸಿ ನಿನ್ನ ಮುಖ ನೋಡಿದೆ. ನೀನು ತಟ್ಟೆಯಿಂದ ತಲೆಯೆತ್ತಿ, “ಉಪ್ಪು ಸರಿಯಾಗಿದೆ” ಎಂದೆ. ಅಷ್ಟೆ. ಅತ್ತಿಗೆ ಎದ್ದು ನೀರು ತರಲು ಹೋದರು. ಕವಿತೆ ಹಿಡಿಸದಿದ್ದರೆ ಹಿಡಿಸಲಿಲ್ಲ ಎನ್ನಬಹುದಿತ್ತು.

ಆದರೂ ಬರುತ್ತೇನೆ. ಎರಡು ಷರತ್ತು. ದರ್ಜಿಯ ತಾಯಿಯ ಹೆಸರು ಪಟ್ಟಿಯಲ್ಲಿರಬೇಕು. ನನ್ನ ಹೆಸರು ಇರಬಾರದು. ಕೊನೆಯ ಸಾಲಿನಲ್ಲಿ ಕೂತು ಆಕೆಯ ಪದ ಕೇಳಿ, ಮಾರನೆಯ ಬೆಳಗಿನ ಬಂಡಿಗೆ ಹೊರಡುತ್ತೇನೆ. ನನ್ನನ್ನು ವೇದಿಕೆಗೆ ಕರೆಯಕೂಡದು. ಮನೆಯಲ್ಲೂ ಮಾತನಾಡಿಸಬೇಡ.

ಪುಟ್ಟಿ

ಆಗಸ್ಟ್ 16

ಪ್ರೀತಿಯ ಪುಟ್ಟಿಗೆ,

ಷರತ್ತುಗಳೆರಡನ್ನೂ ಒಪ್ಪಿದ್ದೇನೆ. ದರ್ಜಿಯ ಅಂಗಡಿಗೆ ನಾನೇ ಹೋಗಿ, ಪ್ರತಿ ಇಲ್ಲದಿದ್ದರೂ ಸರಿ, ಬರಬೇಕೆಂದು ಕೇಳಿಕೊಂಡೆ. ಅವನು ಬಾಯಿಯಿಂದ ಗುಂಡುಸೂಜಿ ತೆಗೆದು, “ಪ್ರತಿ ಅಮ್ಮನ ತಲೆಯೊಳಗಿದೆ ಮೇಷ್ಟ್ರೇ, ತಲೆನೇ ಕರ್ಕೊಂಡ್ ಬರ್ತೀನಿ” ಎಂದ. ಉದ್ಧಟತನವೋ ಹಾಸ್ಯವೋ ತಿಳಿಯಲಿಲ್ಲ. ನಗುವುದೇ ಒಳ್ಳೆಯದೆಂದು ನಕ್ಕೆ.

ಉಪ್ಪಿನ ವಿಷಯ ನನಗೆ ನೆನಪಿಲ್ಲ. ನೀನು ಕವಿತೆ ಹೇಳಿದೆ ಎಂಬುದೇ ನನಗೆ ಈಗ ತಿಳಿಯುತ್ತಿದೆ.

ಗ್ರಂಥಾಲಯದ ಮೆಟ್ಟಿಲು ಕಡಿದಾಗಿದೆ. ಕಂಬಿ ಹಿಡಿದು ಹತ್ತು.

ಅಣ್ಣ

ಸೆಪ್ಟೆಂಬರ್ 2

ನನ್ನ ಪುಟ್ಟಿಗೆ,

ಆಶೀರ್ವಾದಗಳು. ನೀನು ಕ್ಷೇಮವಾಗಿ ತಲುಪಿದ್ದು ತಿಳಿಯಿತು. ಬಡಾವಣೆಗೆಲ್ಲ ಗೊತ್ತಾಗಿರುವುದನ್ನು ಕಾಗದದಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಕಿವಿಗಳು ಮಂದವಾಗಿವೆ. ಎರಡು ವರ್ಷಗಳಿಂದ ಹಾಗಾಗುತ್ತ ಬಂದಿದೆ. ಜೀವಮಾನವಿಡೀ “ಕೇಳಿಸಲಿಲ್ಲ” ಎಂದು ಮಕ್ಕಳನ್ನು ಗದರಿದವನಿಗೆ ಆ ಮಾತನ್ನು ತನ್ನ ಪರವಾಗಿ ಹೇಳಿಕೊಳ್ಳಲು ನಾಲಗೆ ಏಳಲಿಲ್ಲ. ಶುದ್ಧಪ್ರತಿಯ ನಿಯಮ ಹುಟ್ಟಿದ್ದು ಅಲ್ಲಿಂದ. ಪ್ರತಿ ಮುಂದಿದ್ದರೆ ಓದುವವರ ತುಟಿಯನ್ನೂ ಸಾಲನ್ನೂ ಹೊಂದಿಸಿಕೊಂಡು ಹೋಗಬಹುದು. ಅವರು ಹಾಳೆ ಮಡಚಿದಾಗ ಚಪ್ಪಾಳೆ ತಟ್ಟಬಹುದು. ಗೋಷ್ಠಿಯ ಸಂಜೆ ನರ್ಸಮ್ಮನ ಕವಿತೆಯನ್ನೂ, ಲಿಫ್ಟ್ ರಿಪೇರಿಯವನ ಕವಿತೆಯನ್ನೂ ಹಾಗೆಯೇ ದಾಟಿಸಿದೆ. ಯಾರಿಗೂ ಅನುಮಾನ ಬರಲಿಲ್ಲ.

ಆಮೇಲೆ ದರ್ಜಿಯ ತಾಯಿ ಬಂದಳು. ನನ್ನ ಮುಂದೆ ಬಿಳಿಯ ಹಾಳೆ. ಆಕೆ ಮೈಕಿನ ಮುಂದೆ ನಿಂತು ನನ್ನ ಕಡೆ ತಿರುಗಿ ತುಟಿ ಆಡಿಸಿದಳು, ನಿಲ್ಲಿಸಿದಳು, ನನ್ನನ್ನೇ ನೋಡಿದಳು. ಪದ ಮುಗಿಯಿತೆಂದು ನಾನು ಭಾವಿಸಿದೆ. ಚಿಕ್ಕದಾಗಿಯೂ ಚೊಕ್ಕವಾಗಿಯೂ ಇತ್ತೆಂದು ಮೆಚ್ಚುಗೆಯಿಂದ ತಲೆದೂಗಿ, ಎದ್ದು ನಿಂತು, ಆಕೆಗೆ ಧನ್ಯವಾದ ಹೇಳಿ, ಮುಂದಿನವರನ್ನು ಕರೆದೆ. ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ದರ್ಜಿ ಎದ್ದು ಬಂದು ಏನೋ ಹೇಳುತ್ತಿದ್ದ, ಮುಖ ಕೆಂಪಾಗಿತ್ತು, ಅಂಗಡಿಯಲ್ಲಿ ಗಟ್ಟಿಯಾಗಿ ಮಾತನಾಡುವವನು ಅಲ್ಲಿ ಸಂಕಟದಿಂದ ಧ್ವನಿಯನ್ನು ನುಂಗಿಕೊಂಡಿದ್ದ. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅಂಥ ಭಯವನ್ನು ನಾನು ಎಂದೂ ಕಂಡಿರಲಿಲ್ಲ, ಪುಟ್ಟಿ.

ಆಗ ನನ್ನ ಬಲಗಡೆಯಿಂದ ಒಂದು ಧ್ವನಿ ಬಂತು. “ಅಣ್ಣಾ, ಆಕೆ ಇನ್ನೂ ಶುರುನೇ ಮಾಡಿಲ್ಲ. ಕೂತ್ಕೊಂಡು ಹೇಳ್ಲಾ ಅಂತ ನಿನ್ನನ್ನ ಕೇಳ್ತಿದ್ದಾರೆ.” ಯಾರ ಧ್ವನಿಯೆಂದು ನನಗೆ ತಿಳಿಯಲಿಲ್ಲ. ಆದರೆ ಮಾತುಗಳೆಲ್ಲ ತಿಳಿದವು. ಒಂದೊಂದು ಅಕ್ಷರವೂ ಕೆತ್ತಿಟ್ಟಂತೆ ಕೇಳಿಸಿತು. ತಿರುಗಿ ನೋಡಿದರೆ ನೀನು.

ಬಳಿಕ ನಾನು ಸಭೆಗೆ ಏನು ಹೇಳಿದೆನೆಂಬುದು ನನಗೆ ನೆನಪಿದೆ: “ನನಗೆ ಕಿವಿ ಕೇಳಿಸುವುದಿಲ್ಲ. ತಾಯಿ ಕ್ಷಮಿಸಬೇಕು. ಕುಳಿತು ಹೇಳಿ.” ಇಷ್ಟು ಚಿಕ್ಕ ಭಾಷಣವನ್ನು ನಾನು ಹಿಂದೆ ಮಾಡಿದ್ದಿಲ್ಲ. ಹೇಳಿದ ಕೂಡಲೇ ಎದೆಯ ಮೇಲಿಂದ ಯಾರೋ ಚಪ್ಪಡಿ ಇಳಿಸಿದ ಹಾಗಾಯಿತು.

ಈಗ ನನ್ನದೊಂದು ಕೋರಿಕೆ. ನೀನು ಹೇಳಿದ್ದೆಲ್ಲ ನನಗೆ ಕೇಳಿಸಿತು, ಸಭೆಯದು ಕೇಳಿಸಲಿಲ್ಲ. ಆಕೆಯ ಪದ ಹೇಗೆ ಕೇಳಿಸುತ್ತಿತ್ತು? ಜನ ಏನೆಂದರು? ಏಕೆ ಅಷ್ಟು ನಕ್ಕರು? ನನಗಾಗಿ ಬರೆದು ಕಳುಹಿಸು. ಶುದ್ಧಪ್ರತಿಯೇ ಆಗಬೇಕೆಂದಿಲ್ಲ.

ನಿನ್ನ,
ಅಣ್ಣ

ಸೆಪ್ಟೆಂಬರ್ 9

ಅಣ್ಣನಿಗೆ,

ನಮಸ್ಕಾರಗಳು. ನೀನು ತಲೆದೂಗಿ ಚಪ್ಪಾಳೆ ತಟ್ಟಿದೆಯಲ್ಲ, ಕೊನೆಯ ಸಾಲಿನಲ್ಲಿ ಕೂತಿದ್ದ ನನಗೆ ಆ ಕ್ಷಣದಲ್ಲಿ ಉಪ್ಪು ನೆನಪಾಯಿತು. ಅದೇ ಮುಖ, ಅದೇ ವಿನಯದ ನಗು. ಒಂದು ವರ್ಷದ ಸಿಟ್ಟು ಹಾಗೇ ಕರಗಿಹೋಯಿತು. ಎದ್ದು ಬಂದದ್ದು ಹೇಗೆಂದು ನನಗೇ ಗೊತ್ತಿಲ್ಲ. ಯಾರದೋ ಚೀಲ ಎಡವಿ, ನರ್ಸಮ್ಮನ ಕಾಲು ತುಳಿದುಕೊಂಡು ಬಂದೆ.

ಕೇಳು, ಆ ಸಂಜೆ ಹೇಗಿತ್ತೆಂದು. ಮುದುಕಿಯದು ತೆಳುವಾದ, ಎತ್ತರದ ಧ್ವನಿ. ದಾರ ಎಳೆದ ಹಾಗೆ. ಸಾಲಿನ ಕೊನೆಗೆ ಅದನ್ನು ತುಂಡು ಮಾಡಿ, ನಾಲಗೆಯಿಂದ ಲೊಚಗುಟ್ಟುತ್ತಾರೆ, ಮೇಕೆಯನ್ನು ಕರೆಯುವ ಹಾಗೆ. ಏಕೆಂದರೆ ಅದು ಮೇಕೆಗೆ ಬೈಯುವ ಪದ. ಮನೆಯ ಮಾಡಿನ ಮೇಲೆ ಹತ್ತಿ ಕೂತ ಮೇಕೆಯನ್ನು ಒಬ್ಬಳು ಕೆಳಗೆ ನಿಂತು ಕರೆಯುತ್ತಿದ್ದಾಳೆ. ದರ್ಜಿ ಸಾಲು ಸಾಲಿಗೆ ಅರ್ಥ ಹೇಳಿದ. ನಾನು ಅದನ್ನು ನಿನ್ನ ಕಿವಿಗೆ ದಾಟಿಸಿದೆ. “ಇಳಿಯೇ ಮಹಾರಾಣಿ, ನಿನ್ನ ಗಡ್ಡಕ್ಕೆ ಹೆದರಿ ಹೆಂಚುಗಳೆಲ್ಲ ಮುರಿದವು” ಎಂಬಲ್ಲಿ ನೀನು ದೊಡ್ಡದಾಗಿ ನಕ್ಕೆ. ಮುಂದಿನ ಸಾಲುಗಳವರೂ ಅದೇ ಹೊತ್ತಿಗೆ ನಗುತ್ತಿದ್ದರು. ಈ ಸಲ ನಿನ್ನ ನಗು ತಡವಾಗಲಿಲ್ಲ.

ಅಲ್ಲೇ ಹಿಂದಿನಿಂದ ಲಿಫ್ಟ್ ರಿಪೇರಿಯವರು ಕೂಗಿದರು: “ಅಮ್ಮಾ, ದರ್ಜಿ ಸಾಹೇಬ್ರು ಗೋಡೆ ಕಡೆ ಮುಖ ಮಾಡ್ಕೊಂಡು ಹೇಳ್ತಾವ್ರೆ. ನೀವು ಮೇಷ್ಟ್ರಿಗೆ ಹೇಳ್ತಿರೋದೇ ನಮ್ಗೂ ಕೇಳೋ ಹಾಗೆ ಹೇಳ್ರೀ, ಮೈಕು ಇದೆಯಲ್ಲ!”

ಗ್ರಂಥಪಾಲಕರು ಮೈಕಿನ ಕಂಬ ತಂದು ನನ್ನ ಮುಂದೆ ನಿಲ್ಲಿಸಿಬಿಟ್ಟರು. ಹತ್ತಿರದಿಂದ ಮೈಕು ನೋಡಿ ಎಷ್ಟೋ ತಿಂಗಳಾಗಿತ್ತು. ಮೊದಲ ಮಾತು ಹೊರಟಾಗ ಮುಂದಿನ ಸಾಲಿನ ಇಬ್ಬರು ಸುತ್ತ ನೋಡಿದರು, ನಾನು ಹೆದರಿದ್ದ ಹಾಗೆಯೇ. ಎರಡನೆಯ ಮಾತಿಗೆ ಮುದುಕಿಯ ಕಡೆ ನೋಡಿದರು. ಆಮೇಲೆ ಯಾರಿಗೂ ನನ್ನ ಧ್ವನಿಯ ಯೋಚನೆ ಇರಲಿಲ್ಲ. ಮೇಕೆ ಇಳಿಯುತ್ತದೋ ಇಲ್ಲವೋ ಎಂಬುದೇ ಎಲ್ಲರ ಯೋಚನೆ.

ಪದದ ಕೊನೆಗೆ ಆಕೆ ಲೊಚಗುಟ್ಟುವುದನ್ನು ನಿಲ್ಲಿಸಿದರು. ಆ ಕೊನೆಯ ಮಾತಿನ ಅರ್ಥವನ್ನು ದರ್ಜಿಗೆ ಸಭೆಯ ಮುಂದೆ ಹೇಳಲಾಗಲಿಲ್ಲ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, ನಾನು ಮೈಕಿನಲ್ಲಿ ಹೇಳಿದೆ: “ಇಳಿಯಬೇಡ ಬಿಡು. ಇಳಿಯಲಾರೆ ಎಂದು ಹಟ ಹಿಡಿಯುವುದಕ್ಕೆ ನಿನಗಾದರೂ ಒಂದು ಮಾಡು ಇದೆ.”

ಅವರು ಬಿಟ್ಟು ಬಂದ ಮನೆಯ ಕಥೆ ನಮಗ್ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲಿಲ್ಲ. ಮುದುಕಿ ಒಬ್ಬರೇ ನಗುತ್ತಿದ್ದರು. ಬೇಕರಿಯವರ ಹೆಂಡತಿ ಎದ್ದು ಬಂದು ಆಕೆಯ ಕೈ ಹಿಡಿದುಕೊಂಡರು. ಆಮೇಲೆ ಬಂತು ಚಪ್ಪಾಳೆ. ಅದು ನಿನಗೆ ಕೇಳಿಸಿರಬೇಕು, ಮೇಜು ಅದುರುತ್ತಿತ್ತು.

ಕೊನೆಗೆ ನೀನು ಕಡತದಿಂದ ನನ್ನ ಕವಿತೆಯ ಹಾಳೆ ತೆಗೆದು ನನ್ನ ಮುಂದೆ ಸರಿಸಿದೆ. ಷರತ್ತು ಮುರಿದೆ ಎಂದು ನಾನು ಜಗಳವಾಡಬಹುದಿತ್ತು. ಅಷ್ಟು ಹೊತ್ತಿಗೆ ನಾನು ಓದಲು ಶುರು ಮಾಡಿಬಿಟ್ಟಿದ್ದೆ. ನಿನ್ನ ಮೂರು ತಿದ್ದುಪಡಿಗಳಲ್ಲಿ ಎರಡನ್ನು ಕೈಬಿಟ್ಟು ಓದಿದ್ದು ನಿನಗೆ ಗೊತ್ತಾಯಿತೆಂದು ನಿನ್ನ ಹುಬ್ಬಿನಿಂದಲೇ ತಿಳಿಯಿತು.

ಒಂದು ಮಾತು. “ವ್ಯತ್ಯಾಸವಾಗದು” ಎಂದದ್ದಕ್ಕೆ ಅಷ್ಟು ಕೋಪಿಸಿಕೊಂಡೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಕಿವಿಯ ಡಾಕ್ಟರ ಹತ್ತಿರ ಹೋಗದಿದ್ದರೆ ಇನ್ನೊಂದು ಕೋಪ ಸಿದ್ಧವಾಗಿದೆ.

ನಿನ್ನ,
ಪುಟ್ಟಿ

ಸೆಪ್ಟೆಂಬರ್ 24

ಪ್ರೀತಿಯ ಪುಟ್ಟಿಗೆ,

ಆಶೀರ್ವಾದಗಳು. ನಿನ್ನ ಕಾಗದವನ್ನು ದರ್ಜಿಯ ಅಂಗಡಿಗೆ ಕೊಂಡೊಯ್ದು ಅವನ ತಾಯಿಗೆ ಓದಿ ಹೇಳಿದೆ. ಆಕೆ ಒಪ್ಪಲಿಲ್ಲ. ಹೆಂಚು ಮುರಿಯುವ ಸಾಲು ಆ ದಿನ ಮಾತ್ರ ಹಾಗೆ ಬಂದಿತ್ತಂತೆ. ಸಾಮಾನ್ಯವಾಗಿ ಮೇಕೆ ಹುಲ್ಲುಮಾಡನ್ನು ತಿನ್ನುತ್ತದಂತೆ. ನಾನು ತಿದ್ದಲು ಹೋಗಲಿಲ್ಲ.

ಡಾಕ್ಟರ ಬಳಿಗೂ ಹೋಗಿ ಬಂದೆ. ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕೆಂದರು. ಇಷ್ಟು ವಯಸ್ಸಾದ ಮೇಲೆ ಪರೀಕ್ಷೆ ಬರೆದು ಅನುತ್ತೀರ್ಣನಾದೆ. ಬಳಿಕ ಒಂದು ನಕ್ಷೆ ತೋರಿಸಿ ವಿವರಿಸಿದರು. ನನ್ನ ಕಿವಿಗೆ ಮೊದಲು ಹೋದದ್ದು ಎತ್ತರದ ಸ್ವರಗಳು. ತಗ್ಗಿನವು ಇನ್ನೂ ಬಹುಪಾಲು ಉಳಿದಿವೆ. ಹಾಗಾದರೆ, ಪುಟ್ಟಿ, ನಿನ್ನ ಗಂಟೆಯಂಥ ಧ್ವನಿ ನಿನ್ನಿಂದ ಹೋಗುವುದಕ್ಕೆ ಬಹಳ ಮುಂಚೆಯೇ ನನ್ನಿಂದ ಹೋಗಿತ್ತು. ಅಮ್ಮನ ಮೇಲಿನ ಕವಿತೆಯನ್ನು ನೀನು ಊಟದ ಹೊತ್ತಿನಲ್ಲಿ ಹೇಳುವಾಗ ನಾನು ಕಂಡದ್ದು ನಿನ್ನ ತುಟಿಗಳನ್ನು ಮಾತ್ರ. ಅಡುಗೆಯ ಬಗ್ಗೆ ಕೇಳುತ್ತಿದ್ದೀ ಎಂದುಕೊಂಡಿರಬೇಕು. ಈಗಿನ ಧ್ವನಿಯನ್ನು ನೀನು ಬೀರುವಿಗೆ ಹೋಲಿಸಿದ್ದೀ. ಹೋಲಿಕೆ ಸರಿಯಲ್ಲ. ಎರಡು ವರ್ಷಗಳಲ್ಲಿ ನನಗೆ ಪೂರ್ತಿಯಾಗಿ ದಕ್ಕಿದ ಮೊದಲ ಧ್ವನಿ ಅದು.

ಕಿವಿಗೆ ಯಂತ್ರ ಹಾಕಿದ್ದಾರೆ. ಮನೆಗೆ ಬಂದು ಕೂತ ಮೇಲೆ ಒಂದು ಸಂಗತಿ ಬೆಳಕಿಗೆ ಬಂತು. ನಿನ್ನ ಅತ್ತಿಗೆ ಇಷ್ಟು ಕಾಲ ನನ್ನ ಪ್ರತಿಯೊಂದು ಮಾತಿಗೂ ಅಡುಗೆಮನೆಯಿಂದ ಮೆಲ್ಲಗೆ ಉತ್ತರ ಕೊಡುತ್ತಿದ್ದಳು! “ಕಾಫಿ ತಣ್ಣಗಾಗಿದೆ” ಎಂದೆ. “ಇವರ ಹಾಗೇ” ಎಂದಿತು ಒಳಗಿನಿಂದ. ಕೇಳಿಸಿತೆಂದು ನಾನು ಹೇಳಿದ ಮೇಲೆ ಅವಳು ಸೌಟು ಹಿಡಿದೇ ಬಾಗಿಲಿಗೆ ಬಂದಳು. ಆಮೇಲೆ ಅವಳು ನಗಲು ಆರಂಭಿಸಿದಳು. ಅವಳ ನಗು ಅಷ್ಟು ಸಣ್ಣ ಸ್ವರದ್ದೆಂಬುದನ್ನೇ ಮರೆತಿದ್ದೆ.

ಅಮ್ಮನ ಮೇಲಿನ ಆ ಕವಿತೆಯನ್ನು ನನಗೆ ಬರೆದು ಕಳುಹಿಸಬೇಡ. ಬಂದು ಹೇಳು. ಧ್ವನಿಪರೀಕ್ಷೆಗೆ ಹೋಗು ಎಂದು ನಾನು ಹೇಳುವುದಿಲ್ಲ. ಅದು ನಿನ್ನ ಇಷ್ಟ.

ನಿನ್ನ,
ಅಣ್ಣ

ಅಕ್ಟೋಬರ್ 19

ಅಣ್ಣನಿಗೆ,

ನಮಸ್ಕಾರಗಳು. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓರೆಯಾಗಿದ್ದರೆ ಸಹಿಸಿಕೊ.

ಹೋಗಿದ್ದೆ. ಅಧಿಕಾರಿಗಳು ಕಣ್ಣುಮುಚ್ಚಿ ಕೇಳಿದರು. “ಹಳೇದರ ಹಾಗಿಲ್ಲಮ್ಮ” ಎಂದರು. “ಇಲ್ಲ ಸಾರ್, ಇದು ಹೊಸದು” ಎಂದೆ. ಒಂದು ವಾರ ಬೆಳಗಿನ ಪಾಳಿ ಮಾಡಿ ನೋಡಿ ಎಂದರು.

ಇಂದು ಮೊದಲ ದಿನ. ಮಂಜು ಕವಿದಿತ್ತು. ಎರಡನೆಯ ಪ್ಲಾಟ್‌ಫಾರ್ಮಿಗೆ ಬರಬೇಕಾದ ಬಂಡಿಯನ್ನು ನಾಲ್ಕನೆಯದಕ್ಕೆ ತಿರುಗಿಸಿದರು. ಎರಡರ ತುಂಬ ಜನ, ಸಾಮಾನು, ನಿದ್ದೆಗಣ್ಣಿನ ಮಕ್ಕಳು. ಗಾಜಿನ ಹಿಂದೆ ಕೂತು ಗುಂಡಿ ಒತ್ತಿದೆ. ಯಾರೂ ನಗದಿರಲಿ ದೇವರೇ ಎಂದುಕೊಳ್ಳುತ್ತ ಹೇಳಿದೆ.

ಯಾರೂ ನಗಲಿಲ್ಲ. ಯಾರೂ ಮೆಚ್ಚಲೂ ಇಲ್ಲ. ಒಬ್ಬರೂ ತಲೆಯೆತ್ತಿ ಸ್ಪೀಕರಿನ ಕಡೆ ನೋಡಲಿಲ್ಲ, ಅಣ್ಣ. ಎಲ್ಲರೂ ಗಂಟುಮೂಟೆ ಎತ್ತಿಕೊಂಡು, ಮಕ್ಕಳ ಕೈ ಹಿಡಿದು, ನಾಲ್ಕನೆಯ ಪ್ಲಾಟ್‌ಫಾರ್ಮಿಗೆ ನಡೆದುಬಿಟ್ಟರು.

ಪುಟ್ಟಿ